ಇಂಗ್ಲಿಷ್ ಬಂದರೂ ನಪಾಸಾಗುವ ಕೋರ್ಸು

ಕಂಪ್ಯೂಟರ್ ಸೈನ್ಸ್ ಓದಲೆಂದು ಬ್ಯಾಂಕಿನಲ್ಲಿ ಸಾಲ ಎತ್ತಿ ಅಮೆರಿಕಕ್ಕೆ ಹೋದ ಹುಡುಗನಿಗೆ ಮೊದಲ ಸೆಮಿಸ್ಟರಿನ ವೇಳಾಪಟ್ಟಿ ನೋಡಿದಾಗ ಒಂದು ಕಿರಿಕಿರಿ ಶುರುವಾಗುತ್ತದೆ. ಕ್ಯಾಲ್ಕುಲಸ್ ಇದೆ, ಪ್ರೋಗ್ರಾಮಿಂಗ್ ಇದೆ, ಸರಿ. ಅವುಗಳ ಪಕ್ಕದಲ್ಲಿ ‘ಇಂಗ್ಲಿಷ್ 101’ ಎಂದೋ ‘ಫಸ್ಟ್ ಇಯರ್ ರೈಟಿಂಗ್’ ಎಂದೋ ಇನ್ನೊಂದು ಕೂತಿದೆ. ಬಿಡುವ ಹಾಗಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮು, ಪಿಯುಸಿಯಲ್ಲಿ ಇಂಗ್ಲಿಷಿಗೆ ತೊಂಬತ್ತರ ಮೇಲೆ ಅಂಕ, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಕೂಡ ದಾಟಿ ಬಂದಾಗಿದೆ. ಮತ್ತೆ ಮೊದಲಿಂದ ಯಾಕೆ?

ಇದು ಹೊರದೇಶದವರಿಗೆಂದು ಮಾಡಿದ ಭಾಷಾಪಾಠವಲ್ಲ. ಅಯೋವಾದಲ್ಲಿ ಹುಟ್ಟಿ ಬೆಳೆದು ಇಂಗ್ಲಿಷ್ ಬಿಟ್ಟು ಬೇರೆ ಮಾತೇ ಗೊತ್ತಿಲ್ಲದ ರೈತನ ಮಗಳೂ ಅದೇ ಕೋಣೆಯಲ್ಲಿ ಪಕ್ಕದ ಕುರ್ಚಿಯಲ್ಲಿರುತ್ತಾಳೆ. ಅಮೆರಿಕದ ಬಹುಪಾಲು ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದಲಿ, ಸಂಗೀತ ಓದಲಿ, ಮೊದಲ ವರ್ಷದಲ್ಲಿ ಒಂದೋ ಎರಡೋ ಬರವಣಿಗೆಯ ಕೋರ್ಸು ಮುಗಿಸಲೇಬೇಕು. ಹಾರ್ವರ್ಡ್‌ನಲ್ಲಿ ಅದಕ್ಕೆ ‘ಎಕ್ಸ್‌ಪಾಸ್’ ಎನ್ನುತ್ತಾರೆ, ಪ್ರಿನ್ಸ್‌ಟನ್‌ನಲ್ಲಿ ‘ರೈಟಿಂಗ್ ಸೆಮಿನಾರ್’. ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಎಪಿ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದವರಿಗೆ ಕೆಲವು ಕಡೆ ವಿನಾಯಿತಿ ಉಂಟು. ನಮ್ಮ ಪಿಯುಸಿ ಅಂಕಪಟ್ಟಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಹಲವು ವಿಶ್ವವಿದ್ಯಾಲಯಗಳಲ್ಲಿ ಬರೀ ಪಾಸಾದರೂ ಸಾಲದು, ಕನಿಷ್ಠ ‘ಸಿ’ ಗ್ರೇಡ್ ಬರಬೇಕು. ಬಾರದಿದ್ದರೆ ಮತ್ತೊಮ್ಮೆ ಫೀಸು ಕಟ್ಟಿ ಕೂರಬೇಕು.

ಈ ಕೋರ್ಸಿನಲ್ಲಿ ನಮ್ಮ ಮಕ್ಕಳು ಎಡವುವುದು ವ್ಯಾಕರಣದ ಕಲ್ಲಿಗೆ ಅಲ್ಲವೇ ಅಲ್ಲ. ಬರೆಯುವುದೆಂದರೆ ಓದಿದ್ದು ನೆನಪಿದೆ ಎಂದು ತೋರಿಸುವುದು ಎಂಬ ನಂಬಿಕೆಯೊಂದು ಹತ್ತನೇ ತರಗತಿಯ ಹೊತ್ತಿಗೆ ಅವರಲ್ಲಿ ಬೇರುಬಿಟ್ಟಿರುತ್ತದೆ. ಎಸ್ಸೆಸ್ಸೆಲ್ಸಿ ಬರೆದ ಯಾರನ್ನೇ ಕೇಳಿ, ಗಾದೆ ವಿಸ್ತರಿಸುವ ಪ್ರಶ್ನೆಗೆ ಮೊದಲ ಸಾಲು ಏನು ಬರೆದಿರಿ ಎಂದು. ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂದೇ ಹೇಳುತ್ತಾರೆ. ಬೀದರಿನವರೂ ಅದೇ, ಮಡಿಕೇರಿಯವರೂ ಅದೇ. ಪ್ರಬಂಧವಾದರೆ ಪೀಠಿಕೆ, ವಿಷಯ ವಿಸ್ತಾರ, ಉಪಸಂಹಾರ. ಮೂರಕ್ಕೂ ಗೈಡಿನಲ್ಲಿ ಸಿದ್ಧ ವಾಕ್ಯಗಳು. ಎಲ್ಲರೂ ಬರೆಯುವುದನ್ನೇ ತಪ್ಪಿಲ್ಲದೆ ಬರೆದವನು ನಮ್ಮಲ್ಲಿ ಜಾಣ. ಅಲ್ಲಿ ಅದೇ ಜಾಣತನಕ್ಕೆ ಗ್ರೇಡ್ ಇಳಿಯುತ್ತದೆ, ಕೆಲವೊಮ್ಮೆ ಶಿಸ್ತು ಸಮಿತಿಯ ಪತ್ರವೂ ಬರುತ್ತದೆ.

ಮೊದಲ ವಾರದಲ್ಲೇ ಕೈಗೆ ಬರುವ ಸಿಲಬಸ್ ಇನ್ನೊಂದು ಆಘಾತ. ನಮ್ಮಲ್ಲಿ ಸಿಲಬಸ್ಸು ಯುನಿಟ್ ಒಂದರಿಂದ ಐದರವರೆಗಿನ ಪಾಠಗಳ ಪಟ್ಟಿ. ಅಲ್ಲಿಯದು ಎಂಟು ಹತ್ತು ಪುಟದ ಕರಾರುಪತ್ರ. ಎಷ್ಟು ತರಗತಿ ತಪ್ಪಿಸಬಹುದು, ಒಂದು ದಿನ ತಡವಾದರೆ ಎಷ್ಟು ಅಂಕ ಕಡಿತ, ಇಮೇಲಿಗೆ ಎಷ್ಟು ಹೊತ್ತಿನೊಳಗೆ ಉತ್ತರ ನಿರೀಕ್ಷಿಸಬಹುದು, ಮೊಬೈಲು ಎಲ್ಲಿರಬೇಕು, ಪ್ರಬಂಧದ ಅಂಚು ಎಷ್ಟು ಅಗಲವಿರಬೇಕು, ಎಲ್ಲವೂ ಬರೆದಿರುತ್ತದೆ. ಅಂಗವೈಕಲ್ಯ ಇದ್ದವರಿಗೆ ಹೆಚ್ಚುವರಿ ಸಮಯ ಸಿಗುವ ಬಗೆಯೂ ಇರುತ್ತದೆ. 1973ರ ಪುನರ್ವಸತಿ ಕಾಯ್ದೆ ಮತ್ತು 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಅದು ಹಕ್ಕು, ಮೇಷ್ಟರ ಕೃಪೆಯಲ್ಲ. ನಮ್ಮ ಹುಡುಗರು ಇದನ್ನೆಲ್ಲ ಬ್ಯಾಂಕಿನ ಅರ್ಜಿಯ ಸಣ್ಣಕ್ಷರದಂತೆ ದಾಟಿಬಿಡುತ್ತಾರೆ. ನವೆಂಬರಿನಲ್ಲಿ ತಕರಾರು ಬಂದಾಗ ಅಧ್ಯಾಪಕರು ಬೇರೇನೂ ಹೇಳುವುದಿಲ್ಲ, ‘ಸಿಲಬಸ್ಸಿನಲ್ಲಿದೆ’ ಎನ್ನುತ್ತಾರೆ ಅಷ್ಟೆ.

ಹಾಜರಾತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಶೇ 75 ಇದ್ದರೆ ಪರೀಕ್ಷೆಗೆ ಕೂರಬಹುದು, ಕಡಿಮೆಯಾದರೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಇಲ್ಲವೇ ಪ್ರಾಂಶುಪಾಲರ ಮನಸ್ಸು ಕರಗಬೇಕು. ಅಲ್ಲಿ ಈ ಕೋರ್ಸಿಗೆ ಸಾಮಾನ್ಯವಾಗಿ ಕೊನೆಯ ಪರೀಕ್ಷೆಯೇ ಇಲ್ಲ. ತರಗತಿಯಲ್ಲಿ ಕೂತು ಓದುವುದು, ವಾದಿಸುವುದು, ಬರೆಯುವುದೇ ಕೋರ್ಸು. ಆದ್ದರಿಂದ ಎರಡು ವಾರದಷ್ಟು ತರಗತಿ ತಪ್ಪಿದರೆ ಗ್ರೇಡ್ ಕುಸಿಯುವ ನಿಯಮ ಸಾಮಾನ್ಯ. ಮೂರು ಕ್ರೆಡಿಟ್ಟಿನ ಕೋರ್ಸೆಂದರೆ ವಾರಕ್ಕೆ ಮೂರು ಗಂಟೆ ತರಗತಿ ಎಂದಷ್ಟೇ ತಿಳಿದವರಿಗೆ ಇನ್ನೊಂದು ಲೆಕ್ಕ: ತರಗತಿಯ ಪ್ರತಿ ಗಂಟೆಗೆ ಹೊರಗೆ ಕನಿಷ್ಠ ಎರಡು ಗಂಟೆ ಕೆಲಸ ಎಂಬುದು ಅಲ್ಲಿನ ಸರ್ಕಾರಿ ವ್ಯಾಖ್ಯೆ. ವಾರಕ್ಕೆ ಒಂಬತ್ತು ಗಂಟೆ ಆಯಿತು. ಆಗದು ಎಂದು ನಡುವೆ ಕೋರ್ಸು ಬಿಡುವವರು ಇನ್ನೊಂದು ಯೋಚಿಸಬೇಕು. ಎಫ್-1 ವೀಸಾದ ಪದವಿ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಇಟ್ಟುಕೊಂಡಿರಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯನ್ನು ಕೇಳದೆ ಬಿಟ್ಟು 12ಕ್ಕಿಂತ ಕೆಳಗಿಳಿದರೆ ವೀಸಾಕ್ಕೇ ಸಂಚಕಾರ.

ಈ ಕೋರ್ಸು ಹುಟ್ಟಿದ್ದು ಹಾರ್ವರ್ಡ್‌ನಲ್ಲಿ, ಒಂದು ಗೊಣಗಾಟದಿಂದ. 1869ರಲ್ಲಿ ಅಧ್ಯಕ್ಷನಾದ ಚಾರ್ಲ್ಸ್ ಎಲಿಯಟ್‌ಗೆ ಕಾಲೇಜಿಗೆ ಬರುವ ಹುಡುಗರ ಇಂಗ್ಲಿಷ್ ಬರವಣಿಗೆ ನೋಡಿ ಸಮಾಧಾನವಿರಲಿಲ್ಲ. ಪತ್ರಿಕೋದ್ಯಮದಿಂದ ಆಡಮ್ಸ್ ಶೆರ್ಮನ್ ಹಿಲ್ ಎಂಬಾತನನ್ನು ಕರೆತಂದ. 1874ರಿಂದ ಪ್ರವೇಶಕ್ಕೆ ಬರವಣಿಗೆಯ ಪರೀಕ್ಷೆ ಬಂತು. ಲ್ಯಾಟಿನ್, ಗ್ರೀಕ್ ಅರೆದು ಕುಡಿದ ಸಿರಿವಂತರ ಮಕ್ಕಳು ತಮ್ಮ ತಾಯ್ನುಡಿಯಲ್ಲಿ ಒಂದು ಪುಟ ನೆಟ್ಟಗೆ ಬರೆಯಲಾರದೆ ಒದ್ದಾಡಿದರು. 1885ರ ಹೊತ್ತಿಗೆ ‘ಇಂಗ್ಲಿಷ್ ಎ’ ಎಂಬ ಕೋರ್ಸು ಮೊದಲ ವರ್ಷದವರಿಗೆ ಕಡ್ಡಾಯವಾಯಿತು. ಎಲಿಯಟ್ ಉಳಿದೆಲ್ಲ ಕಡ್ಡಾಯ ವಿಷಯಗಳನ್ನೂ ಒಂದೊಂದಾಗಿ ತೆಗೆದುಹಾಕುತ್ತ ಬಂದ; ಶತಮಾನ ಮುಗಿಯುವಷ್ಟರಲ್ಲಿ ಕಡ್ಡಾಯವಾಗಿ ಉಳಿದದ್ದು ಇದೊಂದೇ. 1892ರಲ್ಲಿ ಒಂದು ಸಮಿತಿ ಕೂತು ವರದಿ ಕೊಟ್ಟಿತು: ತಪ್ಪು ಶಾಲೆಗಳದ್ದು, ಅವರು ಸರಿಯಾಗಿ ಕಲಿಸದೆ ಕಳಿಸುತ್ತಿದ್ದಾರೆ. ಕಾಲೇಜಿನವರು ಹೈಸ್ಕೂಲನ್ನೂ ಹೈಸ್ಕೂಲಿನವರು ಪ್ರೈಮರಿಯನ್ನೂ ಬೈಯುವ ಈ ಪದ್ಧತಿ ನಮ್ಮದೇ ಆವಿಷ್ಕಾರ ಎಂದು ನಾನು ತಿಳಿದಿದ್ದೆ.

ಆಮೇಲಿನ ಎಪ್ಪತ್ತೆಂಬತ್ತು ವರ್ಷ ಈ ಕೋರ್ಸೆಂದರೆ ಕೆಂಪು ಮಸಿ. ವಾರಕ್ಕೊಂದು ಪ್ರಬಂಧ, ಪ್ರತಿ ಸಾಲಿಗೂ ತಿದ್ದುಪಡಿ, ಮೇಲೆ ಒಂದು ಅಂಕ. ಅದು ಬದಲಾದ ಕತೆ ಇಂದಿನ ನಿಯಮಗಳ ಮರ್ಮವನ್ನು ಹೇಳುತ್ತದೆ. 1970ರಲ್ಲಿ ನ್ಯೂಯಾರ್ಕ್ ನಗರದ ವಿಶ್ವವಿದ್ಯಾಲಯ ಹೈಸ್ಕೂಲ್ ಮುಗಿಸಿದ ಎಲ್ಲರಿಗೂ ಬಾಗಿಲು ತೆರೆಯಿತು. ಕಪ್ಪುಜನರ, ಪೋರ್ಟೊರಿಕೊದವರ, ಬಡ ವಲಸಿಗರ ಮಕ್ಕಳು ಬಂದರು. ಅವರ ಬರಹದಲ್ಲಿ ತಪ್ಪುಗಳು ಎಷ್ಟಿದ್ದವೆಂದರೆ ಮೇಷ್ಟ್ರುಗಳು ಕೈಚೆಲ್ಲಿದರು. ಅಲ್ಲಿ ಪಾಠ ಮಾಡುತ್ತಿದ್ದ ಮಿನಾ ಶಾಗ್ನೆಸಿ ಮಾತ್ರ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಮುಂದಿಟ್ಟುಕೊಂಡು ಓದಿದಳು. ಈ ತಪ್ಪುಗಳು ದಡ್ಡತನದವಲ್ಲ, ಪ್ರತಿಯೊಂದರ ಹಿಂದೆಯೂ ಒಂದು ತರ್ಕವಿದೆ, ಕಾಲೇಜಿನ ಭಾಷೆಗೆ ಈಗಷ್ಟೇ ಕಾಲಿಟ್ಟವರ ತಡವರಿಕೆ ಇದು ಎಂದು 1977ರಲ್ಲಿ ‘ಎರರ್ಸ್ ಆ್ಯಂಡ್ ಎಕ್ಸ್‌ಪೆಕ್ಟೇಶನ್ಸ್’ ಪುಸ್ತಕದಲ್ಲಿ ತೋರಿಸಿದಳು. ಅದಕ್ಕೂ ಮುಂಚೆ, 1972ರಲ್ಲಿ, ಪತ್ರಕರ್ತನಾಗಿದ್ದು ಮೇಷ್ಟರಾದ ಡೊನಾಲ್ಡ್ ಮರ್ರೆ ಬರವಣಿಗೆಯನ್ನು ಮುಗಿದ ಸರಕಾಗಿ ನೋಡಬೇಡಿ, ಅದು ನಡೆಯುತ್ತಿರುವಾಗಲೇ ಕಲಿಸಿ ಎಂದು ವಾದಿಸಿದ್ದ. 1980ರಲ್ಲಿ ನ್ಯಾನ್ಸಿ ಸೊಮರ್ಸ್ ವಿದ್ಯಾರ್ಥಿಗಳು ಮತ್ತು ಪಳಗಿದ ಬರಹಗಾರರು ತಿದ್ದುವ ರೀತಿಯನ್ನು ಹೋಲಿಸಿದಳು. ವಿದ್ಯಾರ್ಥಿಗಳು ಒಂದು ಪದ ತೆಗೆದು ಇನ್ನೊಂದು ಹಾಕುತ್ತಿದ್ದರು. ಪಳಗಿದವರು ಇಡೀ ವಾದವನ್ನೇ ಕೆಡವಿ ಕಟ್ಟುತ್ತಿದ್ದರು.

ಇವತ್ತಿನ ಸಿಲಬಸ್ಸಿನಲ್ಲಿ ‘ಮೊದಲ ಡ್ರಾಫ್ಟ್’, ‘ಎರಡನೇ ಡ್ರಾಫ್ಟ್’, ‘ಪೀರ್ ರಿವ್ಯೂ’, ‘ಕಾನ್ಫರೆನ್ಸ್’, ‘ಪೋರ್ಟ್‌ಫೋಲಿಯೊ’ ಎಂದು ಸಾಲುಗಟ್ಟಿರುವುದು ಆ ಕಾಲದ ಫಲ. ನಮ್ಮ ವಿದ್ಯಾರ್ಥಿಗಳಿಗೆ ಅತಿ ಹೆಚ್ಚು ಗೋಳು ಕೊಡುವುದೂ ಇದೇ. ಒಂದೇ ಪ್ರಬಂಧವನ್ನು ಮೂರು ಸಲ ಯಾಕೆ ಕೊಡಬೇಕು? ಮೊದಲ ಸಲವೇ ಚೆನ್ನಾಗಿ ಬರೆದರೆ ಆಗದೇ?

ಆಗದು. ಯಾಕೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ. ಬೆಂಗಳೂರಿನ ಹುಡುಗಿಯೊಬ್ಬಳು ಬೆಳ್ಳಂದೂರು ಕೆರೆಯ ಬಗ್ಗೆ ಸಂಶೋಧನಾ ಪ್ರಬಂಧ ಬರೆಯಲು ಹೊರಡುತ್ತಾಳೆ. ಮೊದಲ ಸಾಲು: ‘ಮಾನವ ನಾಗರಿಕತೆಯ ಆರಂಭದಿಂದಲೂ ನೀರು ಮನುಷ್ಯನ ಬದುಕಿಗೆ ಅತ್ಯಗತ್ಯವಾಗಿದೆ.’ ಅಂಚಿನಲ್ಲಿ ಅಧ್ಯಾಪಕಿಯ ಷರಾ: ‘ಇದನ್ನು ಅಲ್ಲಗಳೆಯುವವರು ಯಾರು?’ ಎರಡನೇ ಪ್ಯಾರಾದ ಕೊನೆಗೆ: ‘ಆದ್ದರಿಂದ ನಾವೆಲ್ಲರೂ ಕೆರೆಗಳನ್ನು ಉಳಿಸಬೇಕು.’ ಷರಾ: ‘ನಾವು ಅಂದರೆ ಯಾರು? ಏನು ಮಾಡಬೇಕು? ಆ ಕೆಲಸ ಇಷ್ಟು ದಿನ ಯಾಕೆ ಆಗಿಲ್ಲ?’ ಹುಡುಗಿಗೆ ಮೊದಲು ಅವಮಾನ, ಆಮೇಲೆ ಸಿಟ್ಟು. ಒಂದೇ ಒಂದು ವ್ಯಾಕರಣ ದೋಷವಿಲ್ಲದ ಪುಟಕ್ಕೆ ಇಷ್ಟು ಗೀಚುವುದೇ?

ಎರಡನೇ ಡ್ರಾಫ್ಟಿನಲ್ಲಿ ನಾಗರಿಕತೆಯ ಆರಂಭ ಹೋಗಿರುತ್ತದೆ. 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಹೊತ್ತಿಕೊಂಡ ಸಂಗತಿಯಿಂದ ಶುರು ಮಾಡುತ್ತಾಳೆ. ಮೂರನೆಯದರಲ್ಲಿ ಒಂದು ವಾದ ಮೂಡುತ್ತದೆ: ದಂಡೆಯ ಬೇಲಿ, ಕಾವಲು, ಕಳೆ ತೆಗೆಯುವ ಯಂತ್ರ ಇವೆಲ್ಲ ಕೆರೆಯ ಅಂಚಿನ ಕೆಲಸ, ಕೊಳಚೆ ಬರುವುದು ಮೇಲಿನ ಬಡಾವಣೆಗಳಿಂದ, ಅಲ್ಲಿನ ನೀರು ಸಂಸ್ಕರಣೆಯಾಗದೆ ಅಂಚಿನಲ್ಲಿ ಎಷ್ಟು ದುಡ್ಡು ಸುರಿದರೂ ನೊರೆ ನಿಲ್ಲದು. ಇದನ್ನು ಒಪ್ಪದವರು ಇರಬಹುದು. ಅವರ ವಾದವನ್ನೂ ಹೇಳಿ ಉತ್ತರಿಸಬೇಕು. ಇಂಥ ಅಲ್ಲಗಳೆಯಬಹುದಾದ ಒಂದು ಮಾತನ್ನು ಹಿಡಿದು ನಿಲ್ಲುವುದಕ್ಕೆ ಅಲ್ಲಿ ‘ಥೀಸಿಸ್’ ಎನ್ನುತ್ತಾರೆ, ಕೋರ್ಸಿನ ಮುಕ್ಕಾಲು ಪಾಲು ತಕರಾರು ಇದರದೇ. ಮೂರನೇ ಡ್ರಾಫ್ಟಿನ ಇಂಗ್ಲಿಷು ಮೊದಲನೆಯದಕ್ಕಿಂತ ಒರಟಾಗಿಯೇ ಇರಬಹುದು. ಗ್ರೇಡು ಅದಕ್ಕೇ ಹೆಚ್ಚು.

ಪೀರ್ ರಿವ್ಯೂ ಅಂದರೆ ಸಹಪಾಠಿಗಳು ಒಬ್ಬರ ಡ್ರಾಫ್ಟನ್ನು ಇನ್ನೊಬ್ಬರು ಓದಿ ಅಭಿಪ್ರಾಯ ಬರೆಯುವುದು. ನಮ್ಮ ಹುಡುಗರು ಇದನ್ನು ಎರಡು ರೀತಿಯಲ್ಲಿ ಹಾಳು ಮಾಡುತ್ತಾರೆ. ಒಂದೋ ‘ತುಂಬಾ ಚೆನ್ನಾಗಿದೆ’ ಎಂದು ಸ್ನೇಹ ಕಾಪಾಡುತ್ತಾರೆ, ಇಲ್ಲವೇ ಕಾಗುಣಿತ ತಿದ್ದಿ ಕೈತೊಳೆದುಕೊಳ್ಳುತ್ತಾರೆ. ‘ಮೂರನೇ ಪ್ಯಾರಾದಲ್ಲಿ ನನಗೆ ದಾರಿ ತಪ್ಪಿತು’ ಎಂದು ಹೇಳುವುದು ಅಲ್ಲಿ ನಿರೀಕ್ಷೆ. ಈ ಷರಾಗಳಿಗೂ ಅಂಕವಿದೆ. ಆದರೂ ನನ್ನ ಅನಿಸಿಕೆ ಹೇಳುವುದಾದರೆ, ಹದಿನೆಂಟರ ಇಬ್ಬರು ಹುಡುಗರು ಪರಸ್ಪರರ ಬರಹ ತಿದ್ದುವುದರಿಂದ ಬರಹಗಳಿಗೆ ಆಗುವ ಲಾಭ ಅಷ್ಟಕ್ಕಷ್ಟೇ. ಲಾಭ ಓದಿದವನಿಗೆ. ಬೇರೆಯವರ ಪೀಠಿಕೆ ಎಷ್ಟು ಬೇಸರ ಹುಟ್ಟಿಸುತ್ತದೆಂದು ಅನುಭವಿಸಿದವನು ತನ್ನದನ್ನು ಗಿಡ್ಡ ಮಾಡುತ್ತಾನೆ.

ಇಷ್ಟು ಡ್ರಾಫ್ಟು ಓದಿ ಷರಾ ಬರೆಯಲು ತರಗತಿ ಚಿಕ್ಕದಿರಬೇಕು. ಅಲ್ಲಿನ ಬರವಣಿಗೆ ಅಧ್ಯಾಪಕರ ಸಂಘಟನೆ 1949ರಲ್ಲಿ ಹುಟ್ಟಿದ್ದು. ಒಂದು ತರಗತಿಗೆ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ, 15 ಇದ್ದರೆ ಉತ್ತಮ, ಒಬ್ಬ ಅಧ್ಯಾಪಕರಿಗೆ ಒಂದು ಅವಧಿಯಲ್ಲಿ 60ಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ ಎಂದು ಅದು ಶಿಫಾರಸು ಮಾಡುತ್ತದೆ. ಎಲ್ಲ ಕಡೆ ಪಾಲನೆಯಾಗುತ್ತದೆ ಎಂದಲ್ಲ. ಪಾಠ ಮಾಡುವವರಲ್ಲಿ ಹೆಚ್ಚಿನವರು ಪಿಎಚ್‌ಡಿ ಮಾಡುತ್ತಿರುವ ಇಪ್ಪತ್ತೈದರ ಆಸುಪಾಸಿನವರು, ಇಲ್ಲವೇ ನಮ್ಮ ಅತಿಥಿ ಉಪನ್ಯಾಸಕರ ಹಾಗೆ ಕಡಿಮೆ ಸಂಬಳಕ್ಕೆ ಎರಡು ಮೂರು ಕಾಲೇಜು ಸುತ್ತುವವರು. ಕಟ್ಟುನಿಟ್ಟಿನ ಡೆಡ್‌ಲೈನಿನ ಹಿಂದೆ ಅವರ ಈ ಹೊರೆಯೂ ಇದೆ.

ಇನ್ನು ಎಲ್ಲಕ್ಕಿಂತ ದೊಡ್ಡ ಭಯ, ಕೃತಿಚೌರ್ಯದ್ದು. ಬೇರೆಯವರ ಪ್ರಬಂಧ ಕೊಂಡು ಕೊಡುವವರ ವಿಷಯ ಬಿಡಿ, ಅವರಿಗೆ ತಾವೇನು ಮಾಡುತ್ತಿದ್ದೇವೆಂದು ಗೊತ್ತು. ಗೊತ್ತಿಲ್ಲದೆ ಸಿಕ್ಕಿಬೀಳುವವರದು ಬೇರೆ ಕತೆ. ಮೂಲದಲ್ಲಿ ಒಂದು ವಾಕ್ಯ ಹೀಗಿದೆ ಎಂದಿಟ್ಟುಕೊಳ್ಳಿ: ‘ಸಂಸ್ಕರಿಸದ ಕೊಳಚೆನೀರಿನಲ್ಲಿರುವ ಮಾರ್ಜಕಗಳೇ ಕೆರೆಯಲ್ಲಿ ನೊರೆ ಏಳಲು ಮುಖ್ಯ ಕಾರಣ.’ ವಿದ್ಯಾರ್ಥಿ ಬರೆಯುತ್ತಾನೆ: ‘ಶುದ್ಧೀಕರಿಸದ ಚರಂಡಿ ನೀರಿನಲ್ಲಿರುವ ಡಿಟರ್ಜೆಂಟುಗಳೇ ಕೆರೆಯಲ್ಲಿ ಬುರುಗು ಬರಲು ಪ್ರಮುಖ ಕಾರಣ.’ ಸ್ವಂತ ಮಾತಿನಲ್ಲಿ ಬರೆದೆ ಎಂಬ ನೆಮ್ಮದಿ ಅವನದು. ವಾಕ್ಯದ ಎಲುಬು ಮೂಲದ್ದೇ, ಬಟ್ಟೆ ಮಾತ್ರ ಬದಲು. ರೆಬೆಕಾ ಮೂರ್ ಹೊವರ್ಡ್ ಎಂಬ ವಿದ್ವಾಂಸೆ ಇದನ್ನು ‘ಪ್ಯಾಚ್‌ರೈಟಿಂಗ್’ ಎಂದು ಗುರುತಿಸಿ, ಇದು ಕಳ್ಳತನಕ್ಕಿಂತ ಹೆಚ್ಚಾಗಿ ಕಲಿಕೆಯ ಒಂದು ಹಂತ, ಶಿಕ್ಷೆಗಿಂತ ಪಾಠ ಬೇಕು ಎಂದು 1990ರ ದಶಕದಲ್ಲೇ ವಾದಿಸಿದಳು. ಅನೇಕ ಅಧ್ಯಾಪಕರು ಒಪ್ಪುತ್ತಾರೆ. ಕಾಲೇಜಿನ ನಿಯಮಪುಸ್ತಕ ಎಲ್ಲ ಕಡೆ ಅಷ್ಟು ಉದಾರವಾಗಿರುವುದಿಲ್ಲ.

ಸರಿಯಾದ ದಾರಿ ಯಾವುದು? ಮೂಲವನ್ನು ಓದಿ, ಮುಚ್ಚಿಟ್ಟು, ತನ್ನ ವಾದಕ್ಕೆ ಅದರಿಂದ ಬೇಕಾದದ್ದೇನು ಎಂದು ಕೇಳಿಕೊಂಡು ಬರೆಯುವುದು: ‘ನೊರೆಯ ಮೂಲ ಮನೆಗಳ ಬಚ್ಚಲಲ್ಲಿದೆ ಎನ್ನುತ್ತದೆ ಈ ವರದಿ; ಹಾಗಾದರೆ ಕೆರೆಯಂಗಳದಲ್ಲಿ ನಿಂತು ಪರಿಹಾರ ಹುಡುಕುವುದು ವ್ಯರ್ಥ.’ ಇದಾದ ಮೇಲೂ ಯಾರ ವರದಿ, ಯಾವ ವರ್ಷ, ಯಾವ ಪುಟ ಎಂದು ಹೇಳಲೇಬೇಕು. ಮಾತು ನಮ್ಮದಾದರೂ ಸಂಗತಿ ಅವರದು. ಮದುವೆ ಮನೆಯಲ್ಲಿ ಮೂಲೆಯಲ್ಲೊಬ್ಬರು ನೋಟ್‌ಬುಕ್ ಹಿಡಿದು ಯಾರು ಎಷ್ಟು ಮುಯ್ಯಿ ಕೊಟ್ಟರೆಂದು ಬರೆದುಕೊಳ್ಳುತ್ತಾರಲ್ಲ, ಸೈಟೇಶನ್ ಅಂದರೆ ಅದೇ. ತೆಗೆದುಕೊಂಡದ್ದು ತಪ್ಪಲ್ಲ, ಬರೆದಿಡದಿದ್ದರೆ ತಪ್ಪು. ಬರೆದಿಡುವ ಪದ್ಧತಿಗಳು ಹಲವು: ಸಾಹಿತ್ಯ, ಮಾನವಿಕದವರು ಎಂಎಲ್‌ಎ ಶೈಲಿ ಬಳಸುತ್ತಾರೆ, ವಿಧಾನಸೌಧಕ್ಕೂ ಅದಕ್ಕೂ ಸಂಬಂಧವಿಲ್ಲ, 2021ರಲ್ಲಿ ಅದರ ಒಂಬತ್ತನೇ ಆವೃತ್ತಿ ಬಂದಿದೆ, ಮನಶ್ಶಾಸ್ತ್ರ, ಸಮಾಜವಿಜ್ಞಾನದವರದು ಎಪಿಎ, ಏಳನೇ ಆವೃತ್ತಿ, 2019. ಅಲ್ಪವಿರಾಮ ಎಲ್ಲಿ ಬರಬೇಕೆಂಬುದನ್ನೂ ಇವು ಹೇಳುತ್ತವೆ. ಬಾಯಿಪಾಠ ಮಾಡಬೇಕಿಲ್ಲ, ಪರ್ಡ್ಯೂ ವಿಶ್ವವಿದ್ಯಾಲಯದ ‘ಔಲ್’ ಎಂಬ ಆನ್‌ಲೈನ್ ಕೈಪಿಡಿ 1990ರ ದಶಕದಿಂದಲೂ ಎಲ್ಲರಿಗೂ ಉಚಿತವಾಗಿ ತೆರೆದಿದೆ, ಇಲ್ಲಿ ಕೂತವರಿಗೂ.

ಬರಹಗಳಲ್ಲಿನ ಸಾಮ್ಯ ಹುಡುಕುವ ಟರ್ನಿಟಿನ್ ಎಂಬ ತಂತ್ರಾಂಶದ ಬಗ್ಗೆ ನಮ್ಮಲ್ಲೊಂದು ತಪ್ಪುಕಲ್ಪನೆ ಇದೆ. ಯುಜಿಸಿಯ 2018ರ ನಿಯಮಾವಳಿ ಸಾಮ್ಯ ಶೇ 10ರವರೆಗೆ ಇದ್ದರೆ ದಂಡವಿಲ್ಲ, 10ರಿಂದ 40, 40ರಿಂದ 60, ಅದಕ್ಕೂ ಮೇಲೆ ಎಂದು ಮೆಟ್ಟಿಲು ಕಟ್ಟಿದೆ. ಹಾಗಾಗಿ ‘ಪರ್ಸೆಂಟೇಜ್ ಇಳಿಸಿ ಕೊಡುತ್ತೇವೆ’ ಎಂಬ ದಂಧೆಯೇ ಹುಟ್ಟಿಕೊಂಡಿದೆ. ಈ ಮನಸ್ಸು ಹೊತ್ತು ಹೋದವರು ಅಲ್ಲಿಯೂ ಎಷ್ಟು ಪರ್ಸೆಂಟ್ ಸೇಫ್ ಎಂದು ಕೇಳುತ್ತಾರೆ. ಅಲ್ಲಿ ಉದ್ಧರಣ ಚಿಹ್ನೆಯೊಳಗೆ, ಮೂಲದ ಹೆಸರು ಹೇಳಿ ಬಳಸಿದ ಸಾಲುಗಳಿಂದ ಶೇ 20 ಸಾಮ್ಯ ಬಂದರೂ ತಕರಾರಿಲ್ಲ. ಹೆಸರು ಹೇಳದ ಒಂದೇ ಪ್ಯಾರಾ ಶೇ 4 ಇದ್ದರೂ ಅದು ಪ್ರಕರಣ. ಯಂತ್ರ ಕೊಡುವುದು ಸಂಖ್ಯೆ, ತೀರ್ಪು ಕೊಡುವುದು ಓದಿದ ಅಧ್ಯಾಪಕರು.

ಎಐ ವಿಷಯದಲ್ಲಿ ಆ ಓದಿದ ಅಧ್ಯಾಪಕರೂ ಗೊಂದಲದಲ್ಲಿದ್ದಾರೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಹೊರಬಂದಾಗ ಸೆಮಿಸ್ಟರಿನ ಕೊನೆಯ ಪ್ರಬಂಧಗಳ ಕಾಲ. ಮುಂದಿನ ಜನವರಿಯ ಸಿಲಬಸ್ಸುಗಳಲ್ಲೇ ಹೊಸ ಪ್ಯಾರಾಗಳು ಕಾಣಿಸಿಕೊಳ್ಳತೊಡಗಿದವು. ಈಗ ಒಂದೇ ವಿಶ್ವವಿದ್ಯಾಲಯದ ಒಂದೇ ಕಾರಿಡಾರಿನಲ್ಲಿ ಮೂರು ನೀತಿ: ಒಬ್ಬರು ಮುಟ್ಟಲೇಬಾರದೆನ್ನುತ್ತಾರೆ, ಇನ್ನೊಬ್ಬರು ವಿಷಯ ಹುಡುಕಲು ಬಳಸಿ, ಬರೆಯಲು ಬೇಡ ಎನ್ನುತ್ತಾರೆ, ಮತ್ತೊಬ್ಬರು ಬಳಸಿ, ಆದರೆ ಎಲ್ಲಿ ಹೇಗೆ ಬಳಸಿದಿರೆಂದು ಕೊನೆಯಲ್ಲಿ ಬರೆಯಿರಿ ಎನ್ನುತ್ತಾರೆ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲೇ ಗೀಚಿ, ಯಂತ್ರದಿಂದ ಇಂಗ್ಲಿಷ್ ಮಾಡಿಸಿಕೊಳ್ಳುವುದು ಸರಿಯೇ? ಗ್ರಾಮರ್ಲಿ ತಂತ್ರಾಂಶ ಒಂದು ವಾಕ್ಯವನ್ನು ಪೂರ್ತಿ ತಿರುಗಿಸಿ ಬರೆದುಕೊಟ್ಟರೆ? ಬಹಳ ಸಿಲಬಸ್ಸುಗಳು ಇಲ್ಲಿ ಮೌನ. ಮೌನವನ್ನು ಸಮ್ಮತಿ ಎಂದು ತಿಳಿಯುವ ನಮ್ಮ ಗಾದೆ ಅಲ್ಲಿ ಕೆಲಸಕ್ಕೆ ಬಾರದು. ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಬೇಕು.

ಇದರಲ್ಲಿ ನಮ್ಮಂಥವರಿಗೆ ಒಂದು ವಿಶೇಷ ಅಪಾಯವೂ ಇದೆ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಎಐ ಬರಹ ಪತ್ತೆ ಮಾಡುವ ಏಳು ತಂತ್ರಾಂಶಗಳನ್ನು ಪರೀಕ್ಷಿಸಿದರು. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧಗಳನ್ನು ಅವು ಹೆಚ್ಚುಕಡಿಮೆ ಸರಿಯಾಗಿಯೇ ಗುರುತಿಸಿದವು. ಇಂಗ್ಲಿಷ್ ತಾಯ್ನುಡಿಯಲ್ಲದವರು ಕೈಯಾರೆ ಬರೆದ 91 ಟೋಫೆಲ್ ಪ್ರಬಂಧಗಳನ್ನು ಕೊಟ್ಟಾಗ ಸರಾಸರಿ ಶೇ 61ರಷ್ಟನ್ನು ಯಂತ್ರದ ಬರಹ ಎಂದುಬಿಟ್ಟವು. ಕಾರಣ ಸರಳ: ಯಂತ್ರ ಹುಡುಕುವುದು ಊಹಿಸಬಹುದಾದ ಪದಗಳನ್ನು, ಸಪಾಟಾದ ವಾಕ್ಯಗಳನ್ನು. ಗೈಡು ಓದಿ ಕಲಿತ ಇಂಗ್ಲಿಷು ಹಾಗೇ ಇರುತ್ತದೆ. ಓಪನ್‌ಎಐ ಸಂಸ್ಥೆ ತಾನೇ ಮಾಡಿದ ಪತ್ತೆಯಂತ್ರವನ್ನು ನಿಖರತೆ ಸಾಲದೆಂದು ಅದೇ ವರ್ಷ ಜುಲೈನಲ್ಲಿ ಹಿಂತೆಗೆದುಕೊಂಡಿತು. ಆಗಸ್ಟ್‌ನಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಟರ್ನಿಟಿನ್‌ನ ಎಐ ಪತ್ತೆ ಸೌಲಭ್ಯವನ್ನು ಸ್ಥಗಿತಗೊಳಿಸಿತು. ಆದರೆ ಎಲ್ಲರೂ ನಿಲ್ಲಿಸಿಲ್ಲ. ಸುಳ್ಳು ಆರೋಪ ಬಂದರೆ ಕಾಪಾಡುವುದು ಡ್ರಾಫ್ಟುಗಳೇ. ಗೂಗಲ್ ಡಾಕ್ಸ್‌ನಲ್ಲಿ ಬರೆದರೆ ಯಾವ ದಿನ ಯಾವ ಸಾಲು ಬಂತು, ಯಾವುದು ಹೋಯಿತು ಎಂಬ ಇತಿಹಾಸ ಉಳಿಯುತ್ತದೆ. ಕೊನೆಯ ರಾತ್ರಿ ಕೂತು ಒಂದೇ ಉಸಿರಿಗೆ ಬರೆದವನ ಬಳಿ ತೋರಿಸಲು ಏನೂ ಇರುವುದಿಲ್ಲ, ಪಾಪ ಅವನು ಪ್ರಾಮಾಣಿಕನೇ ಆಗಿದ್ದರೂ.

ಗ್ರೇಡ್ ಕೊಡುವ ಬಗೆಯಲ್ಲೂ ಹೊಸ ಪ್ರಯೋಗಗಳು ನಡೆದಿವೆ. ‘ಗ್ರೇಡಿಂಗ್ ಕಾಂಟ್ರ್ಯಾಕ್ಟ್’ ಎಂಬುದೊಂದು. ಎಲ್ಲ ಡ್ರಾಫ್ಟು, ಎಲ್ಲ ಷರಾ, ಎಲ್ಲ ಹಾಜರಾತಿ ಪೂರೈಸಿದರೆ ಬರಹ ಹೇಗೇ ಇರಲಿ ‘ಬಿ’ ಖಾತ್ರಿ. ಪೀಟರ್ ಎಲ್ಬೊ ಮತ್ತು ಜೇನ್ ಡ್ಯಾನಿಲೆವಿಚ್ 2009ರಲ್ಲಿ ಇದರ ಒಂದು ಮಾದರಿ ಕೊಟ್ಟರು, ಅಸಾವೊ ಇನೊವೆ ಇದನ್ನು ಇನ್ನೂ ಮುಂದೆ ಒಯ್ದು, ಅಂಕ ಶ್ರಮಕ್ಕೇ ಸಲ್ಲಬೇಕು, ‘ಶುದ್ಧ ಇಂಗ್ಲಿಷ್’ ಎಂಬ ಅಳತೆಗೋಲು ಬಿಳಿಯರ ಮನೆಯಲ್ಲಿ ಹುಟ್ಟಿದವರಿಗೆ ಮಾತ್ರ ಅನುಕೂಲ ಎಂದು ವಾದಿಸಿದರು. ನನಗೆ ವಾದದ ಮೊದಲರ್ಧ ಒಪ್ಪಿಗೆ. ಅಂಕದ ಹೆದರಿಕೆ ಹೋದರೆ ಮಕ್ಕಳು ಧೈರ್ಯವಾಗಿ ಬರೆಯುತ್ತಾರೆ ನಿಜ. ಆದರೆ ಚೆನ್ನಾಗಿ ಬರೆಯುವವನಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದು ಹೇಗೆ? ಮುಂದಿನ ವರ್ಷದ ಇತಿಹಾಸದ ಪ್ರೊಫೆಸರ್ ಶ್ರಮ ನೋಡಿ ಅಂಕ ಕೊಡುವುದಿಲ್ಲವಲ್ಲ.

ತಂದೆತಾಯಿಗಳಿಗೂ ಒಂದು ನಿಯಮವಿದೆ, ಅದು ಸಿಲಬಸ್ಸಿನಲ್ಲಿ ಬಹಳ ಸಲ ಇರುವುದಿಲ್ಲ. ಮಗಳಿಗೆ ‘ಡಿ’ ಬಂತೆಂದು ಜಯನಗರದಿಂದ ಪ್ರೊಫೆಸರಿಗೆ ಇಮೇಲ್ ಮಾಡಿದರೆ ಅವರು ನಯವಾಗಿ ಏನನ್ನೂ ಹೇಳದ ಉತ್ತರ ಕಳಿಸುತ್ತಾರೆ. ಸೊಕ್ಕಿನಿಂದಲ್ಲ. 1974ರ ಫೆರ್ಪಾ ಕಾಯ್ದೆಯ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ಗ್ರೇಡು ಆ ವಿದ್ಯಾರ್ಥಿಯ ಖಾಸಗಿ ಮಾಹಿತಿ. ಫೀಸು ಕಟ್ಟಿದವರು ನೀವೇ ಇರಬಹುದು, ಲಿಖಿತ ಒಪ್ಪಿಗೆ ಇಲ್ಲದೆ ನಿಮ್ಮೊಡನೆ ಅದನ್ನು ಚರ್ಚಿಸಲು ಪ್ರೊಫೆಸರ್ ಮುಂದಾಗುವುದಿಲ್ಲ. ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿಸಿ ಬೆಳೆದವರಿಗೆ ಇದು ಅರಗುವುದು ಕಷ್ಟ. ಆದರೆ ಆ ಕೋರ್ಸಿನ ಉಳಿದೆಲ್ಲ ನಿಯಮಗಳಿಗೂ ಇದಕ್ಕೂ ನಂಟಿದೆ: ಬರೆದ ಮಾತಿಗೆ ಬರೆದವಳೇ ಜವಾಬ್ದಾರಿ, ಕೇಳುವುದಿದ್ದರೆ ಅವಳೇ ಕೇಳಬೇಕು.

ಕೇಳಲು ಜಾಗಗಳಿವೆ, ನಮ್ಮ ಮಕ್ಕಳು ಹೋಗುವುದಿಲ್ಲ. ವಾರದಲ್ಲಿ ಎರಡು ಮೂರು ಗಂಟೆ ಅಧ್ಯಾಪಕರು ಬಾಗಿಲು ತೆರೆದು ಕೂತಿರುತ್ತಾರೆ, ‘ಆಫೀಸ್ ಅವರ್ಸ್’ ಎಂದು. ಸ್ಟಾಫ್‌ರೂಮಿಗೆ ಕರೆಸಿದರೆಂದರೆ ಬೈಗುಳಕ್ಕೇ ಎಂದು ಕಲಿತು ಬಂದವರಿಗೆ ಆ ಬಾಗಿಲು ತಟ್ಟಲು ಮುಜುಗರ. ಹೋಗುವಾಗ ‘ಅರ್ಥವಾಗಲಿಲ್ಲ ಸರ್’ ಎಂದು ಹೋಗದೆ, ‘ನನ್ನ ಎರಡನೇ ಪ್ಯಾರಾ ಈ ಪುರಾವೆಯನ್ನು ಹೊರುತ್ತದೆಯೇ’ ಎಂಬಂಥ ಒಂದು ಪ್ರಶ್ನೆ ಬರೆದುಕೊಂಡು ಹೋಗಿ. ರೈಟಿಂಗ್ ಸೆಂಟರ್ ಎಂಬುದು ಇನ್ನೊಂದು. ದಡ್ಡರಿಗೆಂದು ಇರುವ ಜಾಗ ಅದಲ್ಲ. ಅಲ್ಲಿ ನಿಮ್ಮ ಪ್ರಬಂಧವನ್ನು ತಿದ್ದಿಕೊಡುವುದಿಲ್ಲ, ಎದುರು ಕೂತು ಓದಿಸಿ ಪ್ರಶ್ನೆ ಕೇಳುತ್ತಾರೆ.

ಈ ಆಗಸ್ಟ್‌ನಲ್ಲಿ ಹೊರಡುವವರು ನಿಮ್ಮ ಮನೆಯಲ್ಲಿದ್ದರೆ ಉಪ್ಪಿನಕಾಯಿ ಪ್ಯಾಕ್ ಮಾಡುವ ಗಡಿಬಿಡಿಯಲ್ಲಿ ಇಷ್ಟು ಹೇಳಿ ಕಳಿಸಿ. ಸಿಲಬಸ್ಸನ್ನು ಮೊದಲ ದಿನವೇ ಪೂರ್ತಿ ಓದಲಿ, ಎಐ ಕುರಿತ ಪ್ಯಾರಾವನ್ನು ಎರಡು ಸಲ. ಮೊದಲ ಪ್ರಬಂಧದ ಡೆಡ್‌ಲೈನಿಗೆ ವಾರ ಮುಂಚೆಯೇ ರೈಟಿಂಗ್ ಸೆಂಟರಿನಲ್ಲಿ ಸಮಯ ಗೊತ್ತುಮಾಡಿಕೊಳ್ಳಲಿ. ಸೆಮಿಸ್ಟರಿನ ಕೊನೆಗೆ ಅಲ್ಲಿ ಜಾಗ ಸಿಗುವುದು ಕಷ್ಟ. ಸಾಮಾನ್ಯವಾಗಿ ಅದಕ್ಕೆ ಬೇರೆ ಶುಲ್ಕವಿಲ್ಲ. ನೀವು ಸಾಲ ಮಾಡಿ ಕಟ್ಟಿದ ಫೀಸಿನಲ್ಲೇ ಅದು ಸೇರಿದೆ.